ಕೂಲರಿನಲ್ಲಿ ಬೆಳೆದ ಮದ್ದುಸೊಪ್ಪು

ಮೊನ್ನೆ ಮಗಳು ಗುರುಗ್ರಾಮದ ಒಂದು ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಗಿಡ ಮಾರುವ ಅಂಗಡಿಯಂತೆ. ಒಳಗೆ ಕಾಲಿಟ್ಟರೆ ಏಸಿ, ಎಲ್ಲಿಂದಲೋ ಮೆಲ್ಲಗೆ ಕೊಳಲು, ಮೂಲೆಯಲ್ಲಿ ಕಾಫಿ ಕುಡಿಯಲು ಕುರ್ಚಿ. ಗಿಡಗಳು ಮಾತ್ರ ಸೊರಗಿಕೊಂಡು ನಿಂತಿದ್ದವು. ನಡುವೆ ಒಂದು ಹಳೆಯ ಕೂಲರ್. ದೆಹಲಿಯ ಬೇಸಿಗೆ ಕಂಡವರಿಗೆಲ್ಲ ಗೊತ್ತಿರುವ ಅದೇ ತಗಡಿನ ಪೆಟ್ಟಿಗೆ: ಮೂರು ಕಡೆ ಹುಲ್ಲು ತುಂಬಿದ ಜಾಲರಿ, ಕೆಳಗೆ ನೀರಿನ ತೊಟ್ಟಿ, ಮುಂದೆ ಫ್ಯಾನು. ಫ್ಯಾನು ಕಿತ್ತು, ಮೈಗೆಲ್ಲ ನವಿಲುಬಣ್ಣ ಬಳಿದು, ಒಳಗೊಂದು ಮನಿಪ್ಲಾಂಟ್ ತುರುಕಿದ್ದರು. ಹಿಂಬದಿಯ ಹುಲ್ಲನ್ನು ಹಾಗೇ ಬಿಟ್ಟು ನೀರು ಚಿಮುಕಿಸಿದ್ದರು. ಅದರಿಂದ ಹಳೆಯ ಕಾಲದ ಫೀಲ್ ಬರುತ್ತದಂತೆ.

"ವಿಂಟೇಜ್ ಪ್ಲಾಂಟರ್ ಹೈ ಮ್ಯಾಮ್, ಪೂರಾ ಅಪ್‌ಸೈಕಲ್ಡ್" ಎಂದಳು ಅಂಗಡಿಯ ಹುಡುಗಿ.

"ನಮ್ಮ ಮನೆಯಲ್ಲಿ ಇದನ್ನು ಕಬಾಡ್ ಅಂತಿದ್ವಿ" ಎಂದೆ ನಾನು, ಗುಜರಿಗೆ ಇರುವ ಆ ಮಾತು ಅವಳಿಗೂ ತಿಳಿಯಲಿ ಎಂದು ಹಿಂದಿಯಲ್ಲೇ.

"ಮಮ್ಮಿ ಪ್ಲೀಸ್, ಇಲ್ಲಿ ಶುರು ಮತ್ ಕರೋ" ಎಂದು ಮಗಳು ಮೊಣಕೈಯಿಂದ ತಿವಿದಳು. ಆದರೆ ಒದ್ದೆ ಹುಲ್ಲಿನ ಆ ವಾಸನೆ ಮೂಗಿಗೆ ಹೊಡೆದಾಗಿತ್ತು. ಇಂದಿರಾಪುರಂನಲ್ಲಿ ನಾವು ಕಳೆದ ಮೊದಲ ಮಳೆಗಾಲ, ಅದರ ಕೂಲರ್, ಅದರ ಪ್ರೆಸಿಡೆಂಟ್ ಮೂರ್ತಿ, ಅದರ ದೇಚಮ್ಮಕ್ಕ, ಎಲ್ಲ ಒಟ್ಟಿಗೇ ನೆನಪಾಯಿತು.

ಆ ವರ್ಷ ನಾವು ಸರೋಜಿನಿ ನಗರದ ಕ್ವಾರ್ಟರ್ಸ್ ಬಿಟ್ಟು ಬಂದಿದ್ದೆವು. ಕ್ವಾರ್ಟರ್ಸ್ ನನ್ನ ಹೆಸರಿನದು. ಸಚಿವಾಲಯದಲ್ಲಿ ಗುಮಾಸ್ತೆ ನಾನು. ಹಳೆಯ ಮನೆಗಳನ್ನೆಲ್ಲ ಕೆಡವುತ್ತೇವೆ, ಖಾಲಿ ಮಾಡಿ ಎಂದರು. ಖಾಲಿ ಮಾಡುವಾಗಲೇ ನಮ್ಮ ಯಜಮಾನರ ನಿಜವಾದ ಯೋಗ್ಯತೆ ಹೊರಗೆ ಬಿದ್ದದ್ದು. ಈ ಮನುಷ್ಯ ಹುಟ್ಟಿದಾಗಿನಿಂದ ಒಂದು ಡಬ್ಬ ಎಸೆದವರಲ್ಲ. ಪೇಂಟಿನ ಬಕೆಟ್, ಎಣ್ಣೆಯ ಟಿನ್ನು, ದ್ರಾಕ್ಷಿ ತುಂಬಿ ಬರುವ ಥರ್ಮಾಕೋಲ್ ಪೆಟ್ಟಿಗೆ, ಅಕ್ಕಿಚೀಲ, ಎಲ್ಲ ಮಂಚದ ಕೆಳಗೆ, ಬೀರುವಿನ ಮೇಲೆ, ಬಾಲ್ಕನಿಯಲ್ಲಿ. ಅದೂ ಸಾಲದೆ, ಅಕ್ಕಪಕ್ಕದವರು ಬಿಟ್ಟುಹೋದ ಮನೆಗಳಿಗೆ ಹೊಕ್ಕು ಬಿರುಕು ಬಿಟ್ಟ ವಾಷ್‌ಬೇಸಿನ್ ಒಂದನ್ನೂ ಫ್ಯಾನು ಕೆಟ್ಟ ಕೂಲರ್ ಒಂದನ್ನೂ ಹೊತ್ತು ತಂದರು. "ಎಂದಾದರೂ ಬೇಕಾಗುತ್ತೆ ಕಣೇ" ಎಂಬುದೊಂದೇ ಮಂತ್ರ. ಸಾಮಾನಿನ ಟೆಂಪೋದಲ್ಲಿ ನನ್ನ ಹೊಲಿಗೆ ಯಂತ್ರಕ್ಕೆ ಜಾಗವಿರಲಿಲ್ಲ, ಯಾರೋ ಮುಖ ತೊಳೆದ ಬೇಸಿನ್‌ಗೆ ಇತ್ತು. ಉಗಿದು ಉಪ್ಪಿನಕಾಯಿ ಹಾಕಿದೆ. ಅವರು ಕ್ಯಾರೇ ಅನ್ನಲಿಲ್ಲ.

ಗಾಜಿಯಾಬಾದಿಗೆ ಸೇರಿದ ಇಂದಿರಾಪುರಂನ ಮನೆ ಕೊನೆಯ ಮಹಡಿಯದು, ತಲೆಯ ಮೇಲೆ ನೇರ ಟೆರೇಸ್. ಮನೆ ತುಂಬ ಬಕೆಟ್ಟುಗಳನ್ನು ಎಡವಿ ಎಡವಿ ತಲೆ ಚಿಟ್ಟು ಹಿಡಿದು, ಒಂದು ಭಾನುವಾರ ಅಷ್ಟನ್ನೂ ಮೇಲಕ್ಕೆ ಸಾಗಿಸಿ ಮಣ್ಣು ತುಂಬಿಸಿಬಿಟ್ಟೆ. ತೋಟ ಮಾಡುವ ಆಸೆ ನನಗೆ ಒಂದಿಷ್ಟೂ ಇರಲಿಲ್ಲ. ಮಣ್ಣು ಬಿದ್ದ ಡಬ್ಬವನ್ನು ಇವರು ಮತ್ತೆ ಮನೆಯೊಳಗೆ ತರಲಾರರು ಎಂಬುದಷ್ಟೇ ನನ್ನ ಉಪಾಯ. ಮಣ್ಣು ಹಾಕಿದ ಮೇಲೆ ಸುಮ್ಮನೆ ಬಿಡುವುದು ಹೇಗೆ ಎಂದು ಬೆಂಡೆ ಬೀಜ ಚುಚ್ಚಿದೆ. ಬೆಂಡೆಗೆ ಪೇಂಟಿನ ಬಕೆಟ್ ಎಂದು ಗೊತ್ತಾಗಲಿಲ್ಲವೋ ಏನೋ, ಬೆಳೆಯಿತು.

ಫೋನಿನಲ್ಲಿ ತೋಟ ಕಲಿಸುವ ಪಂಡಿತರು ಲೆಕ್ಕವಿಲ್ಲದಷ್ಟಿದ್ದಾರೆ. ಬಿಳಿ ಕುರ್ತಾ ಹಾಕಿಕೊಂಡು, ಉಗುರಿಗೆ ಮಣ್ಣು ತಾಗದ ಹಾಗೆ ಬದನೆ ನೆಡುತ್ತಾರೆ. ಅವರ ಮಾತು ಕೇಳಿ ಬಕೆಟ್ಟಿನ ತಳಕ್ಕೆ ತೂತು ಹಾಕಿದರೆ, ತಳ ಛಾವಣಿಗೆ ಅಂಟಿ ನೀರು ಇಳಿಯದೆ ಬೇರು ಕೊಳೆಯಿತು. ಆಮೇಲೆ ಸ್ಕ್ರೂಡ್ರೈವರ್ ಕಾಯಿಸಿ, ತಳದಿಂದ ಒಂದು ಬೆರಳು ಮೇಲೆ, ಪಕ್ಕದಲ್ಲಿ ತೂತು ಮಾಡಿದೆ. ಎರಡು ಇಟ್ಟಿಗೆಯ ಮೇಲೆ ಕೂರಿಸಿದೆ. ಮೇ ತಿಂಗಳಲ್ಲಿ ಲೂ ಎಂಬ ಬಿಸಿಗಾಳಿ ಬೀಸಿದಾಗ ಎಣ್ಣೆ ಟಿನ್ನು ಮುಟ್ಟಿದರೆ ಕೈ ಸುಡುತ್ತಿತ್ತು, ಒಳಗಿನ ಬೇರು ಬೇಯದೆ ಇರುತ್ತದೆಯೇ? ಹೊರಗೆಲ್ಲ ಸುಣ್ಣ ಬಳಿದೆ. ಅಕ್ಕಿಚೀಲದ ಬಾಯಿ ಮಡಚಿ ಅರ್ಧಕ್ಕಿಳಿಸಿ ಟೊಮೆಟೊ ಹಾಕಿದೆ. ವಾಷ್‌ಬೇಸಿನ್‌ಗೆ ತೂತು ಮೊದಲೇ ಇತ್ತು, ಪುಣ್ಯಕ್ಕೆ, ಅದರಲ್ಲಿ ಪುದೀನ ಹಬ್ಬಿತು. ಇವರು ದಿನಾ ಸಂಜೆ ಮೇಲೆ ಬಂದು ಸೊಂಟದ ಮೇಲೆ ಕೈಯಿಟ್ಟು "ನಾನು ಹೇಳಿರಲಿಲ್ಲವಾ?" ಎನ್ನುತ್ತಿದ್ದರು. ಒಂದು ದಿನ ಒಂದು ಚೊಂಬು ನೀರು ಹಾಕಿದವರಲ್ಲ.

ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಜನ ಇನ್ನೂ ಚೆನ್ನ. ಬೆಳಿಗ್ಗೆ ವಾಕಿಂಗ್ ಎಂದು ಟೆರೇಸಿಗೆ ಬಂದು, "ಆರ್ಗ್ಯಾನಿಕ್ ಹೈ ಕ್ಯಾ ಜೀ?" ಎಂದು ಕೇಳುತ್ತ ಕೇಳುತ್ತಲೇ ಕಿತ್ತುಕೊಳ್ಳುತ್ತಿದ್ದರು. ಕೆಳಗಿನ ಅಂಗಡಿಯಲ್ಲಿ ಕೊತ್ತಂಬರಿಗೆ ಭಯ್ಯಾನ ಜೊತೆ ಅರ್ಧ ಗಂಟೆ ಜಗಳ ಆಡುವ ಹೆಂಗಸರು ನನ್ನ ಪುದೀನ ಮುಷ್ಟಿಗಟ್ಟಲೆ ಒಯ್ದರು. ಒಯ್ದವರೇ ಕೆಳಗೆ ಹೋಗಿ, ಮೇಲೆ ಮದ್ರಾಸಿಗಳು ಗುಜರಿ ಅಂಗಡಿ ಇಟ್ಟಿದ್ದಾರೆ ಎಂದರು. ದೆಹಲಿಯಲ್ಲಿ ಇಷ್ಟು ವರ್ಷ ಕಳೆದರೂ ನಾವು ಇವರಿಗೆ ಮದ್ರಾಸಿಗಳೇ.

ಅವರ ಮಾತಿಗೆ ಕುಣಿಯಲು ಒಬ್ಬರಿದ್ದರು, ನಮ್ಮವರೇ, ಸೊಸೈಟಿಯ ಪ್ರೆಸಿಡೆಂಟ್ ನರಹರಿ ಮೂರ್ತಿ. ಯಾವುದೋ ಇಲಾಖೆಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದ ಮೇಲೆ ಸಹಿ ಹಾಕಲು ಏನೂ ಸಿಗದೆ ಚಡಪಡಿಸಿ ಪ್ರೆಸಿಡೆಂಟ್ ಆದವರು. ಲಿಫ್ಟಿನಲ್ಲಿ ಸಿಕ್ಕರೂ ಸಭೆಯಲ್ಲಿ ಮಾತಾಡಿದ ಹಾಗೆ ಮಾತಾಡುತ್ತಿದ್ದರು. "ನೋಡಿ ಸುಮಿತ್ರಾ ಮೇಡಂ, ನೀವು ಕರ್ನಾಟಕದವರು ಅಂತ ನಾನು ಸ್ವಲ್ಪ ಸಾಫ್ಟ್ ಆಗಿದ್ದೇನೆ. ಬಟ್ ರೂಲ್ ಈಸ್ ರೂಲ್. ಆ ಡಬ್ಬಗಳನ್ನ ವೈಂಡ್ ಅಪ್ ಮಾಡಿ." ಆಗಲಿ ಸಾರ್ ಎನ್ನುತ್ತಿದ್ದೆ. ಮಾರನೆಯ ದಿನ ಇನ್ನೊಂದು ಟಿನ್ನಿಗೆ ಹೀರೆ ಬೀಜ ಹಾಕುತ್ತಿದ್ದೆ.

ದೇಚಮ್ಮಕ್ಕ ಟೆರೇಸಿಗೆ ಬಂದದ್ದು ಜೂನಿನಲ್ಲಿ. ನಮ್ಮ ಕೆಳಗಿನ ಮಹಡಿಯಲ್ಲಿ ಬಾಡಿಗೆಗಿದ್ದ, ಸೈನ್ಯದಲ್ಲಿದ್ದ ಫೌಜಿ ಸೋಮಯ್ಯನ ತಾಯಿ, ವಿರಾಜಪೇಟೆ ಕಡೆಯವರು. ಮದುವೆಯಾಗದ ಮಗನಿಗೆ ಅಡುಗೆ ಮಾಡಿ ಹಾಕಲು ಬಂದು ಉಳಿದಿದ್ದರು. ಕೈಯಲ್ಲಿ ಒದ್ದೆ ನ್ಯೂಸ್‌ಪೇಪರ್ ಸುತ್ತಿದ ಒಂದು ಕಟ್ಟು.

"ಸುಮಿತ್ರಾ, ಇದಕ್ಕೆ ನಿನ್ನ ಹತ್ತಿರ ಎಲ್ಲಾದರೂ ನೆರಳು ಉಂಟಾ?"

ಬಿಡಿಸಿ ನೋಡಿದರೆ ಒಂದಿಷ್ಟು ಕಡ್ಡಿಗಳು, ಸೊರಗಿದ ಎಲೆ. ಮದ್ದುಸೊಪ್ಪಂತೆ. ಕೊಡಗಿನ ಕಾಡಿನ ನೆರಳಲ್ಲಿ ಬೆಳೆಯುವುದು. ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಶುರುವಿನಲ್ಲಿ, ಅದಕ್ಕೆ ತಾನಾಗಿಯೇ ಪರಿಮಳ ಬರುತ್ತದೆ. ಅವತ್ತು ಅದನ್ನು ಕುದಿಸಿ ಪಾಯಸ ಮಾಡಿ ತಿಂದರೆ ವರ್ಷವಿಡೀ ಮೈಗೆ ಮದ್ದು. ಹೀಗೆಂದು ದೇಚಮ್ಮಕ್ಕ ಹೇಳಿದರು.

"ಗಿಡಕ್ಕೆ ಕ್ಯಾಲೆಂಡರ್ ಓದೋಕೆ ಬರುತ್ತಾ ದೇಚಮ್ಮಕ್ಕ?" ಎಂದು ನಕ್ಕೆ.

ಅವರು ನಗಲಿಲ್ಲ. "ಸೋಮುಗೆ ಮೇಲೆ ಪೋಸ್ಟಿಂಗ್ ಬಂದಿದೆ. ಹಿಮ. ಕಕ್ಕಡ ಹದಿನೆಂಟರ ಮಾರನೇ ದಿನ ಹೊರಡುದು. ಅವನ ಅಪ್ಪ ಅಂಥಾ ಕಡೆಯಿಂದಲೇ ಎರಡು ಕಾಲ್ಬೆರಳು ಬಿಟ್ಟು ಬಂದದ್ದು. ಇವನಿಗೆ ಹೋಗುವ ಮೊದಲು ನಾನು ಇದನ್ನ ತಿನ್ನಿಸಲೇಬೇಕು. ಇಲ್ಲದಿದ್ದರೆ ನನಗೆ ನಿದ್ದೆ ಬರುದಿಲ್ಲ."

ನಿಮ್ಮ ಕಾಡಿನ ಸೊಪ್ಪು ಗಾಜಿಯಾಬಾದಿನ ಲೂ ಗಾಳಿಯಲ್ಲಿ ಒಂದು ದಿನ ಬದುಕುವುದಿಲ್ಲ ಎಂದು ಖಂಡಿತವಾಗಿ ಹೇಳಿದೆ. ಅವರು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಟೆರೇಸ್ ಸುತ್ತಿ, ನೀರಿನ ಟ್ಯಾಂಕಿನ ಪಕ್ಕ ಬಿದ್ದಿದ್ದ ಕೂಲರಿನೊಳಗೆ ಇಣುಕಿದರು. ಅದೊಂದಕ್ಕೆ ಮಾತ್ರ ನಾನು ಮಣ್ಣು ತುಂಬಿರಲಿಲ್ಲ. ತೊಟ್ಟಿ ತುಕ್ಕು ಹಿಡಿದು ಚೂರಾಗಿತ್ತು. "ಇದರ ಹುಲ್ಲಿಗೆ ನೀರು ಹೊಯ್ದರೆ ಒಳಗೆ ತಂಪಾಗಿ ಇರುತ್ತಲ್ಲ? ನೆರಳೂ ಆಯಿತು, ಮಂಜೂ ಆಯಿತು" ಎಂದರು. ಮನುಷ್ಯರ ಮೇಲೆ ತಂಪು ಗಾಳಿ ಊದಲು ಮಾಡಿದ ಪೆಟ್ಟಿಗೆಯೊಳಗೆ ಕೊಡಗನ್ನು ಕೂರಿಸುವ ಯೋಚನೆ! ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದೆ, ಇವರಿಗೆ ನನ್ನದಕ್ಕಿಂತ ಹೆಚ್ಚು ಕೆಟ್ಟಿತ್ತು.

ಎರಡು ಥರ್ಮಾಕೋಲ್ ಪೆಟ್ಟಿಗೆಗೆ ಎಲೆಗೊಬ್ಬರ ಬೆರೆಸಿದ ಮಣ್ಣು ತುಂಬಿ, ಕಡ್ಡಿ ಊರಿ, ಕೂಲರಿನೊಳಗೆ ಇಟ್ಟೆವು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ದೇಚಮ್ಮಕ್ಕ ಮೇಲೆ ಹತ್ತಿ ಮೂರು ಕಡೆಯ ಹುಲ್ಲಿಗೂ ನೀರು ಹೊಯ್ಯುತ್ತಿದ್ದರು. ಹೊರಗೆ ನನ್ನ ಹೀರೆ ಬಳ್ಳಿ ಬಿಸಿಲಿಗೆ ಬಾಡಿ ಸುರುಟಿಕೊಂಡಾಗಲೂ ಕೂಲರಿನೊಳಗೆ ಕಡ್ಡಿಗಳು ಚಿಗುರಿದವು. ಮಳೆ ಬಿದ್ದ ಮೇಲಂತೂ ಎಲೆಗಳು ಜಾಲರಿಯ ಸಂದಿಯಿಂದ ಹೊರಗೆ ಕತ್ತು ಚಾಚತೊಡಗಿದವು. ಕಿತ್ತು ಮೂಸಿ ನೋಡಿದೆ. ಹುಲ್ಲಿನ ವಾಸನೆ, ಅಷ್ಟೇ. "ಈಗ ಅಲ್ಲ" ಎಂದರು ದೇಚಮ್ಮಕ್ಕ. ಅವರ ಭರವಸೆ ನೋಡಿ ಪಾಪ ಅನ್ನಿಸಿತು. ಸಿಟ್ಟೂ ಬಂತು.

ಜುಲೈ ಕೊನೆಯಲ್ಲಿ ಮೂರ್ತಿ ಸಾಹೇಬರ ನೋಟಿಸ್ ಲಿಫ್ಟಿನಲ್ಲಿ ಅಂಟಿತು. ಆಗಸ್ಟ್ ಹದಿನೈದಕ್ಕೆ ಟೆರೇಸಿನ ಮೇಲೆ ಧ್ವಜಾರೋಹಣ, ಮುಖ್ಯ ಅತಿಥಿ ಬರುತ್ತಾರೆ, ಆದ್ದರಿಂದ ಎಲ್ಲ ಅನಧಿಕೃತ ವಸ್ತುಗಳ ತೆರವು. ದೇಚಮ್ಮಕ್ಕ ತಾವೇ ಅವರ ಮನೆಗೆ ಹೋಗಿ ಕೇಳಿದರು, ನಾನೂ ಜೊತೆಗಿದ್ದೆ. ಕಕ್ಕಡ ಹದಿನೆಂಟು ಮುಗಿಯುವವರೆಗೆ ಕೂಲರ್ ಒಂದನ್ನು ಬಿಡಿ, ನನ್ನ ಮಗ ಹೊರಡುವವನಿದ್ದಾನೆ ಎಂದರು.

"ಅಮ್ಮಾ, ಫೌಜಿಗಳ ಬಗ್ಗೆ ನನಗೆ ಅಪಾರ ಗೌರವ ಇದೆ" ಎಂದು ಮೂರ್ತಿ ಎದೆಯ ಮೇಲೆ ಕೈ ಇಟ್ಟುಕೊಂಡರು. "ನಿಮ್ಮ ರಿಕ್ವೆಸ್ಟ್ ಅನ್ನ ಕನ್ಸಿಡರ್ ಮಾಡೋಣ."

ಆ ಇಲಾಖೆಯ ಭಾಷೆ ನನಗೆ ಗೊತ್ತು. ಕನ್ಸಿಡರ್ ಎಂದರೆ ಇಲ್ಲ ಎಂದರ್ಥ. ಆದರೂ ಅಷ್ಟು ಬೇಗ ಆಗುತ್ತದೆ ಎಂದುಕೊಂಡಿರಲಿಲ್ಲ. ಕಕ್ಕಡ ಹದಿನೆಂಟಕ್ಕೆ ಎರಡು ದಿನ ಮೊದಲು ಆಫೀಸು ಮುಗಿಸಿ ಶೇರ್ ಆಟೋ ಇಳಿದು ಬರುತ್ತಿದ್ದೇನೆ, ಗೇಟಿನ ಹೊರಗೆ ಕಬಾಡಿವಾಲಾನ ಠೇಲಾ ಗಾಡಿ. ಅದರ ಮೇಲೆ ನನ್ನ ಎಣ್ಣೆ ಟಿನ್ನುಗಳು, ಸುಣ್ಣ ಬಳಿದ ಬಕೆಟ್ಟುಗಳು, ಎಲ್ಲದರ ಮೇಲೆ ಅಡ್ಡ ಮಲಗಿದ ಕೂಲರ್. ಜಾಲರಿಯ ಸಂದಿಯಲ್ಲಿ ಹಸಿರು ಕಾಣುತ್ತಿತ್ತು.

ಬ್ಯಾಗ್ ಎಸೆದು ಠೇಲಾದ ಮುಂದೆ ಹೋಗಿ ನಿಂತೆ. "ಏ ಭಯ್ಯಾ! ರುಕೋ!"

"ಮೇಡಂಜೀ, ಪ್ರೆಸಿಡೆಂಟ್ ಸಾಬ್ ನೇ ದಿಯಾ ಹೈ" ಎಂದ ಅವನು ಗಾಬರಿಯಾಗಿ.

"ಅವನ ಅಪ್ಪನ ಮನೆಯದಾ ಕೊಡೋಕೆ?" ಎಂದು ಕನ್ನಡದಲ್ಲೇ ಕೂಗಿದೆ. ಸಿಟ್ಟು ಬಂದಾಗ ನನಗೆ ಹಿಂದಿ ಬರುವುದಿಲ್ಲ. ಆ ಮನುಷ್ಯನಿಗೆ ಕಬ್ಬಿಣ ಸಿಕ್ಕರೆ ಸಾಕಿತ್ತು, ಥರ್ಮಾಕೋಲ್ ಅವನಿಗೂ ಬೇಡ. ಕೂಲರಿನ ಬದಿ ಬಿಚ್ಚಿ ಎರಡು ಪೆಟ್ಟಿಗೆಗಳನ್ನೂ ಇಳಿಸಿಕೊಟ್ಟ. ಒಂದು ಒಡೆದು ಮಣ್ಣೆಲ್ಲ ಚೆಲ್ಲಿತ್ತು, ಗಿಡಗಳು ಮುರಿದು ಚಪ್ಪಟೆಯಾಗಿದ್ದವು. ಇನ್ನೊಂದು ಅಷ್ಟಿಷ್ಟು ನೆಟ್ಟಗಿತ್ತು.

ಮೇಲೆ ಹೋಗಿ ನೋಡಿದರೆ ನನ್ನ ಮಣ್ಣೆಲ್ಲ ಒಂದು ಮೂಲೆಯಲ್ಲಿ ಗುಡ್ಡೆ. ಕಾಯಿ ಹೊತ್ತ ಬೆಂಡೆ ಗಿಡಗಳು ಬೇರು ಮೇಲಾಗಿ ಬಿದ್ದಿದ್ದವು. ವಾಷ್‌ಬೇಸಿನ್ ಎರಡು ಹೋಳು. ಸಿಟ್ಟಿನಿಂದ ಶುರು ಮಾಡಿದ ತೋಟಕ್ಕಾಗಿ ನಾನು ಅಳುತ್ತೇನೆ ಎಂದು ಯಾರಾದರೂ ಹೇಳಿದ್ದರೆ ಅವರಿಗೆ ಮಂಗಳಾರತಿ ಎತ್ತುತ್ತಿದ್ದೆ. ಅತ್ತೇಬಿಟ್ಟೆ. ಯಜಮಾನರು ಹಿಂದೆ ಬಂದು ನಿಂತು, "ಟಿನ್ನುಗಳೂ ಹೋದವಾ?" ಎಂದರು. ಕೇಳಿದ್ದು ಟಿನ್ನುಗಳನ್ನು! ಅಲ್ಲಿಂದಲೇ ಕೆಳಗೆ ತಳ್ಳಿಬಿಡೋಣ ಅನ್ನಿಸಿತು.

ಉಳಿದ ಒಂದು ಪೆಟ್ಟಿಗೆಯನ್ನು ದೇಚಮ್ಮಕ್ಕ ತಮ್ಮ ಬಚ್ಚಲಿನಲ್ಲಿಟ್ಟು, ಕಿಟಕಿಗೆ ಒದ್ದೆ ಟವೆಲ್ ಕಟ್ಟಿದರು. ಮಗ ಆಫೀಸಿನಲ್ಲೇ ಸ್ನಾನ ಮಾಡಿಕೊಳ್ಳಬೇಕು ಎಂದು ಆಜ್ಞೆ. ನನ್ನ ಹಾಗೆ ಬಾಯಿ ಬಡಿದುಕೊಳ್ಳಲಿಲ್ಲ, ಮೂರ್ತಿಯ ಹೆಸರನ್ನೂ ಎತ್ತಲಿಲ್ಲ. ಹೋಗಿ ಬಂದು ಎಲೆ ಮುಟ್ಟಿ ಬೆರಳು ಮೂಸಿಕೊಳ್ಳುತ್ತಿದ್ದರು. "ಇನ್ನೂ ಬಂದಿಲ್ಲ ಸುಮಿತ್ರಾ" ಎನ್ನುತ್ತಿದ್ದರು. ಅಂಥ ಹೊತ್ತಲ್ಲಿ ಕ್ಯಾಲೆಂಡರಿನ ಮಾತು ಎತ್ತುವಷ್ಟು ಕೆಟ್ಟವಳಲ್ಲ ನಾನು.

ಹದಿನೆಂಟರ ಬೆಳಿಗ್ಗೆ ಅವರ ಮನೆಯ ಬಾಗಿಲು ತೆರೆದದ್ದೇ ಏನೋ ಒಂದು ಪರಿಮಳ. ಇಂಥದ್ದು ಎಂದು ಹೇಳಲಾರೆ. ಒಣಹುಲ್ಲಿನ ಕಂಪಿನ ಜೊತೆ ಏನೋ ಸಿಹಿ. ನಾನು ನಂಬಿದೆ ಎಂದು ಈಗಲೂ ಒಪ್ಪುವುದಿಲ್ಲ. ಆದರೆ ಗಾಜಿಯಾಬಾದಿನ ಒಂದು ಬಚ್ಚಲಿನಿಂದ ಅಂಥ ವಾಸನೆ ಬಂದದ್ದು ನಿಜ. ಎಲೆ, ದಂಟು ಕುದಿಸಿದಾಗ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಅದಕ್ಕೆ ಅಕ್ಕಿ, ಬೆಲ್ಲ, ತೆಂಗಿನಹಾಲು. ದೇಚಮ್ಮಕ್ಕ ಒಲೆಯ ಮುಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಂಜೆ ಸೋಮಯ್ಯನನ್ನು ಬೀಳ್ಕೊಡಲು ನಾಲ್ಕಾರು ಕನ್ನಡದ ಮನೆಯವರು ಸೇರಿದ್ದೆವು. ಕರೆಯದಿದ್ದರೂ ಶಾಲು, ಹಾರ ಹಿಡಿದು, ಫೋಟೋ ತೆಗೆಯಲು ಸೊಸೈಟಿಯ ಮ್ಯಾನೇಜರನ್ನೂ ಕರೆದುಕೊಂಡು ಮೂರ್ತಿ ಬಂದರು. ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲ. ಗಡಿಯ ಬಗ್ಗೆ, ತ್ಯಾಗದ ಬಗ್ಗೆ ಭಾಷಣ ಬಿಗಿದರು. ಆ ಹುಡುಗ ಶಾಲು ಹೊದ್ದು ಬೆಪ್ಪನ ಹಾಗೆ ನಿಂತಿದ್ದ. "ನಾಳೆ ಬೆಳಿಗ್ಗೆ ರಿಪೋರ್ಟ್ ಮಾಡಿ ಮೆಡಿಕಲ್ ಮುಗಿಸಿದರೆ ಹೊರಡೋದೇ ಅಂಕಲ್" ಎಂದ. ಚಿಕ್ಕಂದಿನಿಂದ ಹಾಸ್ಟೆಲ್ಲು, ಆಮೇಲೆ ಫೌಜು. ಈ ಪಾಯಸ ತಿಂದು ಎಷ್ಟು ವರ್ಷವಾಯಿತೋ ಗೊತ್ತಿಲ್ಲ ಎಂದೂ ಹೇಳಿದ. ದೇಚಮ್ಮಕ್ಕ ಅವನ ತಟ್ಟೆಗೆ ಬಡಿಸಿದರು. ಸಾಕು ಅವ್ವ ಎಂದರೂ ಬಡಿಸಿದರು. ಮೂರ್ತಿ ಬಟ್ಟಲು ನೆಕ್ಕುವುದೊಂದೇ ಬಾಕಿ. "ವಂಡರ್‌ಫುಲ್! ಏನಮ್ಮಾ ಇದು, ಬ್ಲ್ಯಾಕ್ ರೈಸಾ?" ಎಂದು ಮೂರನೆಯ ಸಲ ಹಾಕಿಸಿಕೊಂಡರು.

"ನೀವು ಕಬಾಡಿಗೆ ಕೊಟ್ಟ ಸೊಪ್ಪು" ಎಂದೆ ನಾನು. ಅವರು ಜೋಕ್ ಎಂದುಕೊಂಡು ಹಲ್ಲು ಕಿಸಿದರು.

ಮಾರನೆಯ ಬೆಳಿಗ್ಗೆ ನಮ್ಮ ಬಚ್ಚಲಿನಿಂದ ಯಜಮಾನರ ಆರ್ತನಾದ ಕೇಳಿಸಿತು. "ಸುಮಿತ್ರಾ! ನನ್ನ ಕಿಡ್ನಿ ಹೋಯ್ತು ಕಣೇ! ಕೆಂಪಗೆ ಹೋಗ್ತಿದೆ!" ಪೇಂಟಿನ ಬಕೆಟ್ಟಿನ ಬೆಂಡೆಕಾಯಿ ತಿನ್ನಿಸಿ ಕೊಂದೆ ಎಂದು ನನ್ನ ಮೇಲೇ ಹಾಕಿದರು. ಕೆಳಗೆ ಓಡಿದೆ. ದೇಚಮ್ಮಕ್ಕ ಕಾಫಿ ಸೋಸುತ್ತಿದ್ದರು. ವಿಷಯ ಕೇಳಿ ನಕ್ಕರು.

"ಅಯ್ಯೋ, ಹಾಗೇ ಆಗುದು. ಮದ್ದುಪಾಯಸ ತಿಂದರೆ ಒಂದು ದಿನ ಕೆಂಪು ಹೋಗುತ್ತೆ. ಮೈಗೆ ಹಿಡಿದಿದೆ ಅಂತ ಅರ್ಥ. ಏನೂ ಹೆದರಬೇಡಿ ಅಂತ ಹೇಳು."

ಜೀವ ಬಂತು. ಆಗಲೇ ನನ್ನ ಫೋನಿನಲ್ಲಿ ಸೊಸೈಟಿಯ ಗ್ರೂಪಿನ ಸುದ್ದಿ: ಪ್ರೆಸಿಡೆಂಟ್ ಸಾಹೇಬರನ್ನು ಬೆಳಗಿನ ಜಾವವೇ ಆಸ್ಪತ್ರೆಗೆ ಸೇರಿಸಿದ್ದಾರೆ, ರಕ್ತಸ್ರಾವ, ಎಲ್ಲರೂ ಪ್ರಾರ್ಥಿಸಿ. ಕೆಳಗೆ ಸಾಲಾಗಿ ಕೈ ಮುಗಿದ ಚಿತ್ರಗಳು. ಸ್ಕ್ಯಾನ್ ಆಗುತ್ತಿದೆಯಂತೆ.

"ಫೋನ್ ಮಾಡಿ ಹೇಳೋಣವಾ ದೇಚಮ್ಮಕ್ಕ?" ಎಂದೆ.

"ಸ್ಕ್ಯಾನ್ ಮುಗಿಯಲಿ" ಎಂದರು ಅವರು, ನನ್ನ ಕೈಗೆ ಕಾಫಿ ಕೊಟ್ಟು.

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನನ್ನ ಬೆಂಡೆ ಗಿಡಗಳ ಲೆಕ್ಕ ಚುಕ್ತಾ ಆಯಿತು ಎಂದುಕೊಂಡೆ. ನಗು ಮುಗಿಯುವ ಮೊದಲೇ ದೇಚಮ್ಮಕ್ಕನ ಫೋನ್ ಬಡಿದುಕೊಂಡಿತು. ನಸುಕಿಗೇ ಹೊರಟುಹೋಗಿದ್ದ ಸೋಮಯ್ಯ. ಅವರಿಗೆ ಕಿವಿ ಸ್ವಲ್ಪ ಮಂದ, ಯಾವಾಗಲೂ ಸ್ಪೀಕರಿನಲ್ಲೇ ಮಾತು. ಅದರಿಂದ ನನಗೂ ಕೇಳಿಸಿತು.

"ಅವ್ವ, ಮೆಡಿಕಲ್‌ನಲ್ಲಿ ನಿಲ್ಲಿಸಿಬಿಟ್ರು. ಯೂರಿನ್ ಕೆಂಪು. ಸೊಪ್ಪು ತಿಂದದ್ದು ಅಂದರೆ ನಗ್ತಾರೆ. ಎಲ್ಲಾ ಟೆಸ್ಟ್ ಆಗಿ ಕ್ಲಿಯರ್ ಆಗೋವರೆಗೆ ಕಳಿಸೋದಿಲ್ಲವಂತೆ. ಗಾಡಿ ಹೊರಟೇಹೋಯ್ತು. ನನ್ನನ್ನ ಮುಂದಿನ ಬ್ಯಾಚಿಗೆ ಹಾಕ್ತಾರೆ. ಸಂಜೆ ಮನೆಗೆ ಬರ್ತೇನೆ."

"ಆಗಲಿ ಮಗ. ಬಾ" ಎಂದು ಅವರು ಫೋನ್ ಇಟ್ಟರು.

ನನ್ನ ನಗು ಅಲ್ಲೇ ನಿಂತಿತು. ಅಷ್ಟು ಓದಿದ ಮೂರ್ತಿಗೆ ಗೊತ್ತಿಲ್ಲದ್ದು, ನನಗೆ ಗೊತ್ತಿಲ್ಲದ್ದು ಸರಿ. ಇವರಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಮೆಡಿಕಲ್ ಬೆಳಿಗ್ಗೆಯೇ ಎಂದು ಮಗ ಇವರ ಎದುರಿಗೇ ಹೇಳಿದ್ದ.

"ದೇಚಮ್ಮಕ್ಕ, ಅವನಿಗಾದರೂ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದರೆ ತಿನ್ನುತ್ತಿದ್ದನಾ?" ಎಂದರು. ದನಿ ಎತ್ತರಿಸಲಿಲ್ಲ, ತಲೆ ತಗ್ಗಿಸಲೂ ಇಲ್ಲ.

ಮುಂದಿನ ಬ್ಯಾಚಿನಲ್ಲಿ ಸೋಮಯ್ಯ ಹೋದ. ಹೋಗದೆ ಇರಲು ಆಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಆ ಬೆಳಿಗ್ಗೆ ಮಾತ್ರ ದೇಚಮ್ಮಕ್ಕ ಎದ್ದು ಸೆರಗು ಸಿಕ್ಕಿಸಿಕೊಂಡು ಫ್ರಿಜ್ ತೆರೆದರು. ಒಳಗೆ, ಹಾಲಿನ ಪಾತ್ರೆಯ ಹಿಂದೆ, ಮುಚ್ಚಳ ಬಿಗಿದ ಒಂದು ಸ್ಟೀಲ್ ಡಬ್ಬಿ. ತೆಗೆದು ಮುಚ್ಚಳ ಎತ್ತಿ ಮೂಸಿ ನೋಡಿದರು. ನೇರಳೆ ಬಣ್ಣದ ಪಾಯಸ, ಇನ್ನೂ ಎರಡು ಊಟಕ್ಕೆ ಆಗುವಷ್ಟು.

"ಕೆಡಲಿಲ್ಲ" ಎಂದು ಮತ್ತೆ ಒಳಗಿಟ್ಟರು.